ಮುಕ್ಕಾಲು ಗಂಟೆಯ ಅಸಂಬದ್ಧ ಮಾತು

ನಮ್ಮ ಮನೆಯ ಕಪಾಟಿನಲ್ಲಿ, ನನ್ನ ಬನಿಯನ್ನುಗಳ ಕೆಳಗೆ ಹಾಸಿದ್ದ ಹಳೆಯ ಪತ್ರಿಕೆಯ ಅಡಿಯಲ್ಲಿ, ಒಂದು ಕಾಗದ ಹಲವು ತಿಂಗಳ ಕಾಲ ಯಾರ ಕಣ್ಣಿಗೂ ಬೀಳದೆ ಮಲಗಿತ್ತು. ಗಂಡನಾದವನು ಹೆಂಡತಿಯಿಂದ ಬಚ್ಚಿಡುವ ಕಾಗದವೆಂದೊಡನೆ ನಿಮ್ಮ ಮನಸ್ಸು ಎತ್ತೆತ್ತಲೋ ಓಡುತ್ತದೆಂದು ಬಲ್ಲೆ. ದಯವಿಟ್ಟು ಅದನ್ನು ಹಿಂದಕ್ಕೆ ಕರೆಯಿರಿ. ಅದು ಪ್ರೇಮಪತ್ರವಾಗಿರಲಿಲ್ಲ, ಆ ಭಾಗ್ಯ ನನ್ನಂಥ ಬ್ಯಾಂಕಿನ ನೌಕರನಿಗೆ ಎಲ್ಲಿಂದ ಬರಬೇಕು! ಅದು ನಾನು ಸತ್ತು ಬದುಕಿದ್ದರ ವರದಿ. ಎರಡೂ ಅಂಚಿನಲ್ಲಿ ಸಾಲಾಗಿ ತೂತುಗಳಿದ್ದ, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತಿದ್ದ, ಅಕ್ಷರಗಳೆಲ್ಲ ಸಣ್ಣ ಸಣ್ಣ ಚುಕ್ಕಿಗಳಿಂದಾದ ಆ ಕಾಲದ ಕಂಪ್ಯೂಟರ್ ಕಾಗದ. ದಿನವೂ ಸ್ನಾನ ಮಾಡಿ ಬನಿಯನ್ನು ತೆಗೆಯಲು ಹೋದಾಗ ನನ್ನ ಬೆರಳು ತಾನಾಗಿಯೇ ಪತ್ರಿಕೆಯ ಕೆಳಗೆ ಸರಿದು, ಅದು ಇದೆಯೇ ಎಂದು ಮುಟ್ಟಿ ನೋಡಿ ಬರುತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಗದಗಿನ ಕಡೆಯವನಾದ ನನ್ನನ್ನು ಬ್ಯಾಂಕು ಊರಿಂದೂರಿಗೆ ಎತ್ತಿ ಇಡುತ್ತ, ಇಂದು ಛತ್ರಪತಿ ಸಂಭಾಜಿನಗರವೆಂದು ಕರೆಸಿಕೊಳ್ಳುವ, ಅಂದು ಔರಂಗಾಬಾದ್ ಆಗಿದ್ದ ಊರಿಗೆ ತಂದು ಇಳಿಸಿತ್ತು. ಅಲ್ಲಿ ನಮ್ಮ ಮನೆಮಾತು ಕನ್ನಡ ಎಂದರೆ ಕೇಳಿದವರು ತಲೆಯಾಡಿಸಿ, ಹಾಂ ಹಾಂ, ಖುಲ್ತಾಬಾದ್ ದಾಟಿ ಮುಂದೆ ಹೋದರೆ ಸಿಗುತ್ತದಲ್ಲ, ಅಲ್ಲಿಗೆ ಬೇಕಾದಷ್ಟು ಬಸ್ಸುಗಳಿವೆ ಎನ್ನುತ್ತಿದ್ದರು. ಕನ್ನಡ ಎಂಬ ಹೆಸರಿನದೇ ತಾಲ್ಲೂಕು ಊರೊಂದು ನಿಜಕ್ಕೂ ಅಲ್ಲಿದೆ. ನಮ್ಮ ಭಾಷೆಗೂ ಅದಕ್ಕೂ ಇರುವ ನಂಟನ್ನು ಬಲ್ಲವರು ಹೇಳಲಿ, ನಾನಂತೂ ತಿದ್ದಲು ಹೋಗದೆ ನಕ್ಕು ಸುಮ್ಮನಾಗುತ್ತಿದ್ದೆ. ಹತ್ತಾರು ವರ್ಷ ಮಹಾರಾಷ್ಟ್ರದ ಶಾಖೆಗಳಲ್ಲಿ ದುಡಿದ ನನ್ನ ಮರಾಠಿ ಯಾರೂ ಬೆರಳಿಟ್ಟು ತೋರಿಸದಷ್ಟು ಚೆನ್ನಾಗಿತ್ತು. ನನ್ನ ಹೆಂಡತಿಯ ಮರಾಠಿ ಮಾತ್ರ ಕಾಯಿಪಲ್ಲೆಯ ಅಂಗಡಿಯ ಮೆಟ್ಟಿಲಲ್ಲೇ ಕುಳಿತುಬಿಟ್ಟಿತ್ತು. ಮೆಂತ್ಯ, ಬದನೆ, ಇನ್ನೂ ಸ್ವಲ್ಪ ಹಾಕಿ ಎಂಬುದರಾಚೆಗೆ ಅದಕ್ಕೆ ಲೋಕವ್ಯವಹಾರದಲ್ಲಿ ಆಸಕ್ತಿಯಿರಲಿಲ್ಲ. ಉಳಿದೆಲ್ಲ ಮಾತಿಗೂ ಅವಳು ಮುಗುಳ್ನಕ್ಕು "ಹೋ, ಹೋ" ಎನ್ನುತ್ತಿದ್ದಳು, ಎಂದರೆ ಹೌದು, ಹೌದು. ಹೀಗೆ ಎಲ್ಲಕ್ಕೂ ಹೌದೆನ್ನುವವರನ್ನು ಜನ ಬೇಗ ಮೆಚ್ಚುತ್ತಾರೆ. ಓಣಿಯಲ್ಲಿ ನನಗಿಂತ ಅವಳಿಗೇ ಒಳ್ಳೆಯ ಹೆಸರಿತ್ತು.

ಒಂದು ಭಾನುವಾರ ಮನೆಗೆ ಸುಣ್ಣ ಬಳಿಯುವವರು ಬಂದಿದ್ದರು. ಅವರಿಗಿಂತ ಹೆಚ್ಚು ಗಡಿಬಿಡಿ ಮಾಡಿ, ಟ್ರಂಕು ಎತ್ತಿಟ್ಟು, ಮಂಚ ಎಳೆದು, ಸುಣ್ಣದ ಗಾಢತೆಯ ಬಗ್ಗೆ ಕೇಳದ ಸಲಹೆ ಕೊಟ್ಟು, ಕಡೆಗೆ ನಾನೇ ಎದೆ ಹಿಡಿದುಕೊಂಡು ಗೋಡೆಗೆ ಒರಗಿ ಕೂತೆ. ರಿಕ್ಷಾದಲ್ಲಿ ಒಯ್ದು ಖಾಸಗಿ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ, ಎಲ್ಲರೂ ಐಸಿಯು ಎನ್ನುವ ಆ ತಣ್ಣನೆಯ ಕೋಣೆಯಲ್ಲಿ, ಮಲಗಿಸಿದರು. ನನ್ನ ಮಂಚದ ಪಕ್ಕದಲ್ಲಿದ್ದ ಸಿಸ್ಟರ್ ಮಧ್ಯವಯಸ್ಸಿನ ಗಟ್ಟಿ ಹೆಂಗಸು, ಚಾಂದವಡದ ರೈತಾಪಿ ಮನೆತನದವಳು. ನೋವು ತುಸು ಇಳಿದಿತ್ತಾಗಿ ನಾನು ಅವಳೊಡನೆ ಮರಾಠಿಯಲ್ಲಿ ಆ ವರ್ಷದ ಉಳ್ಳಾಗಡ್ಡಿಯ ಬೆಳೆಯ ವಿಚಾರ ಮಾತಾಡುತ್ತಿದ್ದೆ. ಮಾತು ಅರ್ಧಕ್ಕೇ ನಿಂತಿತು. ಜೊತೆಗೆ ನನ್ನ ಹೃದಯವೂ ನಿಂತಿತು.

ಆಮೇಲಿನದು ನನಗೆ ನೆನಪಿಲ್ಲ. ಹೋಗಿ ಬಂದವರು ಬೆಳಕು ಕಂಡೆವೆನ್ನುತ್ತಾರೆ, ಸುರಂಗ ಕಂಡೆವೆನ್ನುತ್ತಾರೆ; ನನಗೆ ಏನೂ ಕಾಣಲಿಲ್ಲವೆಂದು ಹೇಳಲು ನಾಚಿಕೆಯಾಗುತ್ತದೆ. ಕಣ್ಣು ಬಿಟ್ಟಾಗ ಅದೇ ಸಿಸ್ಟರ್ ಮುಖದ ಹತ್ತಿರ ಬಾಗಿ "ತುಮ್ಚಂ ನಾವ್ ಕಾಯ್?" ಎಂದು ಹೆಸರು ಕೇಳುತ್ತಿದ್ದಳು. ಹೇಳಿದೆ. ಅವಳ ಮುಖ ಅರಳಿತು. ಕೋಣೆಯ ಮೂಲೆಯಲ್ಲಿ ಹೊಸದಾಗಿ ಬಂದು ಕೂತಿದ್ದ ಕಂಪ್ಯೂಟರಿನ ಮುಂದೆ ಹೋಗಿ, ಒಂದೊಂದೇ ಕೀಲಿಯನ್ನು ಹುಡುಕಿ ಹುಡುಕಿ ಒತ್ತತೊಡಗಿದಳು. ಆ ಟಕ್ ಟಕ್ ಸದ್ದು ಕೇಳುತ್ತ ನಾನು ಮತ್ತೆ ನಿದ್ದೆಹೋದೆ.

ಮನೆಗೆ ಕಳಿಸುವ ದಿನ ಆಸ್ಪತ್ರೆಯವರು ಆ ಕಾಗದವನ್ನು ಬಹಳ ಹೆಮ್ಮೆಯಿಂದ ಕೈಗಿಟ್ಟರು. ಆ ಊರಿನಲ್ಲಿ ಆಗ ಹೆಚ್ಚಿನ ಕಡೆ ರೋಗಿಯ ಚರಿತ್ರೆಯೆಂದರೆ ವೈದ್ಯರ ಕೈಬರಹದ ಗೀಚು. ಇವರದಾದರೋ ಸಾಕ್ಷಾತ್ ಕಂಪ್ಯೂಟರ್ ಮುದ್ರಿಸಿದ್ದು. ನಾನು ಅದನ್ನು ಓದದೆಯೇ ಚೀಲಕ್ಕೆ ಹಾಕಿಕೊಂಡೆ. ಮುಂದೆ ಕೆಲವೇ ವಾರಗಳಲ್ಲಿ, ದೊಡ್ಡ ಊರು, ಒಳ್ಳೆಯ ಹೃದಯವೈದ್ಯರಿದ್ದಾರೆ ಎಂಬ ದಯೆಯಿಂದ ಬ್ಯಾಂಕಿನವರು ನನ್ನನ್ನು ನಾಸಿಕಕ್ಕೆ ವರ್ಗ ಮಾಡಿದರು. ದಯೆ ದೊಡ್ಡದೇ, ಸಾಮಾನು ಕಟ್ಟುವ ಕಷ್ಟ ಮಾತ್ರ ನನ್ನ ಹೆಂಡತಿಯ ಪಾಲಿಗೆ ಬಂತು.

ನಾಸಿಕದ ಡಾಕ್ಟರು ಹಿರಿಯರು, ಮೆತ್ತಗೆ ಮಾತಾಡುವವರು. ನನ್ನ ಹೆಂಡತಿ ಹೊರಗೆ ಬೆಂಚಿನ ಮೇಲೆ ಚೀಲ ಹಿಡಿದು ಕೂತಿದ್ದಳು, ಒಳಗೆ ನಾನೊಬ್ಬನೇ. ಅವರು ಕಾಗದದ ಮಡಿಕೆಗಳನ್ನು ಬಿಚ್ಚುತ್ತ ಬಂದು ಒಂದೆಡೆ ನಿಂತರು. ಕನ್ನಡಕ ಸರಿಪಡಿಸಿಕೊಂಡು ಮತ್ತೆ ಓದಿದರು. ಕಾಗದವನ್ನೂ ನನ್ನನ್ನೂ ಸರದಿಯ ಮೇಲೆ ನೋಡಿದರು.

"ಮುಕ್ಕಾಲು ಗಂಟೆ?" ಎಂದರು ಇಂಗ್ಲಿಷಿನಲ್ಲಿ.

ಕಾಗದದ ಪ್ರಕಾರ ನನ್ನ ಹೃದಯ ನಿಂತ ಹೊತ್ತು ಒಂದು, ನಾನು ಮರಳಿ ಬಂದ ಹೊತ್ತು ಇನ್ನೊಂದು, ನಡುವೆ ಮುಕ್ಕಾಲು ಗಂಟೆಯ ಅಂತರ. ಕೆಳಗೆ ಷರಾ ಎಂಬ ಒಂದೇ ಸಾಲಿನ ಜಾಗದಲ್ಲಿ ಹೀಗಿತ್ತು: ರೋಗಿ ಅಸಂಬದ್ಧವಾಗಿ ಮಾತಾಡುತ್ತಾನೆ, ಪ್ರಶ್ನೆಗೆ ಉತ್ತರಿಸುವುದಿಲ್ಲ, ಚಡಪಡಿಕೆ. ಡಾಕ್ಟರು ನನಗೆ ನೂರರಿಂದ ಏಳೇಳು ಕಳೆಯುತ್ತ ಹೋಗಲು ಹೇಳಿದರು. ಬ್ಯಾಂಕಿನವನಿಗೆ ಕಳೆಯುವುದೇನು ದೊಡ್ಡ ಮಾತು! ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಜೋರಿನಿಂದ ಹೊರಟವನು ಐವತ್ತರ ಸುಮಾರಿಗೆ ಎಡವಿದೆ. ಅವರು ನನ್ನ ಕೈ ತಟ್ಟಿ, ಅಷ್ಟು ಹೊತ್ತು ರಕ್ತ ಸರಿಯಾಗಿ ಹೋಗದಿದ್ದರೆ ಮೆದುಳಿನಲ್ಲಿ ಸಣ್ಣಪುಟ್ಟ ಪರಿಣಾಮ ಉಳಿಯಬಹುದು, ಹೆದರಬೇಕಾಗಿಲ್ಲ, ನಿಮ್ಮನ್ನು ನೀವು ಗಮನಿಸುತ್ತಾ ಇರಿ ಎಂದರು. ಹೊರಗೆ ಬಂದಾಗ ಹೆಂಡತಿ ಏನಂದರೆಂದು ಕೇಳಿದಳು. ಎಲ್ಲ ಚೆನ್ನಾಗಿದೆಯಂತೆ ಎಂದೆ.

ಮಿತ್ರರೇ, ಉಪ್ಪು ಬಿಡಿ ಎನ್ನಿ, ಬಿಡುತ್ತೇವೆ. ಮೆಟ್ಟಿಲು ಹತ್ತಬೇಡಿ ಎನ್ನಿ, ಹತ್ತುವುದಿಲ್ಲ. ಆದರೆ ನಿಮ್ಮ ಬುದ್ಧಿಯನ್ನು ನೀವೇ ಗಮನಿಸುತ್ತಾ ಇರಿ ಎಂದು ಮಾತ್ರ ಯಾರಿಗೂ ಹೇಳಬೇಡಿ. ಕಾಯುವವನೂ ಅವನೇ, ಕಳ್ಳನೆಂದು ಸಂಶಯಪಡಬೇಕಾದವನೂ ಅವನೇ ಆದ ಮನೆಯಲ್ಲಿ ನೆಮ್ಮದಿ ಎಲ್ಲಿಯದು! ಮೊದಲಿನಿಂದಲೂ ನಾನು ಮರೆಗುಳಿಯೇ. ಛತ್ರಿಯನ್ನು ಬಸ್ಸಿನಲ್ಲಿ ಬಿಟ್ಟು ಬರುವುದು, ಎದುರಿಗೆ ಬಂದ ನೆಂಟರ ಹೆಸರು ನೆನಪಾಗದೆ "ಏನ್ರೀ ಹೆಂಗದೀರಿ" ಎಂದು ಸಾಗಹಾಕುವುದು, ಇವೆಲ್ಲ ನನ್ನ ಹುಟ್ಟುಗುಣಗಳು. ಆದರೆ ಆ ದಿನದ ನಂತರ ಪ್ರತಿಯೊಂದು ಮರೆವೂ ಮುಕ್ಕಾಲು ಗಂಟೆಯ ಖಾತೆಗೇ ಜಮೆಯಾಗತೊಡಗಿತು. ಮನೆಯೊಡೆಯರ ಹೆಸರು ನಾಲಗೆಯ ತುದಿಯಲ್ಲಿ ಸಿಕ್ಕಿಕೊಂಡರೆ, ಅಗೋ, ಅದು ಸತ್ತ ಮೂಲೆ. ಚಪ್ಪಲಿ ಅದಲುಬದಲಾದರೆ, ಅಗೋ, ಅದೇ. ಸಂಭಾಜಿನಗರದಿಂದ ನಾಸಿಕದವರೆಗಿನ ರೈಲು ನಿಲ್ದಾಣಗಳನ್ನು ಒಂದೊಂದಾಗಿ ಹೇಳಿಕೊಳ್ಳುವುದು, ಹದಿನೇಳರ ಮಗ್ಗಿಯನ್ನು ಹಿಂದುಮುಂದಾಗಿ ಒಪ್ಪಿಸುವುದು, ನೂರರಿಂದ ಏಳು ಕಳೆಯುವುದು, ಇವೇ ನನ್ನ ನಿತ್ಯಪಾರಾಯಣವಾದವು. ಬಿಸಿನೀರು ಕಾಯುವಷ್ಟರಲ್ಲಿ ಒಮ್ಮೆ, ಊಟಕ್ಕೆ ಕರೆಯುವಷ್ಟರಲ್ಲಿ ಇನ್ನೊಮ್ಮೆ. ಹೆಂಡತಿ ದೂರದಿಂದ ನೋಡಿ, ಸತ್ತು ಬದುಕಿದ ಮೇಲೆ ಗಂಡನಿಗೆ ದೇವರ ಮೇಲೆ ಭಕ್ತಿ ಹುಟ್ಟಿದೆಯೆಂದು ತಿಳಿದು ಸಮಾಧಾನಪಟ್ಟುಕೊಂಡಿದ್ದಳಂತೆ.

ನಕ್ಕುಬಿಡಬಹುದಾದ ಮಾತಲ್ಲ ಅದು. ನನ್ನ ಕೆಲಸವೆಂದರೆ ಸಹಿ ಹಾಕುವುದು. ಬೇರೆಯವರು ಬರೆದದ್ದನ್ನು ನೋಡಿ, ತಪ್ಪಿದ್ದರೆ ಹಿಡಿದು, ಇಲ್ಲದಿದ್ದರೆ ಕೆಳಗೆ ಹೆಸರು ಹಾಕುವುದು. ಉಳ್ಳಾಗಡ್ಡಿ ಮಾರಿ ಬಂದ ರೈತ, ಮಗಳ ಮದುವೆಗೆ ಕೂಡಿಟ್ಟ ವಿಧವೆ, ನಮ್ಮದೇ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಊರಿಗೆ ಡ್ರಾಫ್ಟ್ ಕಳಿಸುವ ಯಾದಗಿರಿಯ ಗೌಂಡಿಗಳು, ಎಲ್ಲರ ದುಡ್ಡೂ ನನ್ನ ಸಹಿಯ ಕೆಳಗಿನಿಂದಲೇ ದಾಟಿಹೋಗಬೇಕು. ನನ್ನ ತಲೆಯ ಮೇಲೆ ನನಗೇ ನಂಬಿಕೆಯಿಲ್ಲದ ಮೇಲೆ ಆ ಕುರ್ಚಿಯಲ್ಲಿ ಕೂಡುವುದು ಸರಿಯೇ? ಪ್ರತಿ ಕಾಗದವನ್ನೂ ಮೂರು ಮೂರು ಸಲ ನೋಡಿದೆ. ಗಿರಾಕಿಗಳು ಕೌಂಟರಿನಾಚೆ ಉಸ್ಸೆಂದರು. ಕಡೆಗೆ, ಆರೋಗ್ಯದ ಕಾರಣ ನನ್ನನ್ನು ಅಧಿಕಾರಿಯ ಹೊಣೆಯಿಂದ ಬಿಡಿಸಬೇಕೆಂದು ಒಂದು ಅರ್ಜಿ ಬರೆದು ಚೀಲದಲ್ಲಿಟ್ಟುಕೊಂಡೆ. ಅದನ್ನು ಬರೆದ ದಿನ ನನಗಾದ ದುಃಖವನ್ನು ಮರೆಮಾಡಲಾರೆ. ಕೆಲಸ ಹೋಗುವುದಕ್ಕಲ್ಲ, ನನ್ನೊಳಗೆ ಇಷ್ಟು ವರ್ಷ ಜೊತೆಗಿದ್ದವನೊಬ್ಬ ಹೇಳದೆ ಕೇಳದೆ ಹೊರಟುಹೋದನೆಂಬುದಕ್ಕೆ.

ಆ ಕಾಗದವನ್ನು ನಾನೇಕೆ ಅಷ್ಟು ನಂಬಿದೆ? ಈಗ ಯೋಚಿಸಿದರೆ ಸೋಜಿಗವೆನ್ನಿಸುತ್ತದೆ. ನಮ್ಮ ಶಾಖೆಗೂ ಆಗ ಕಂಪ್ಯೂಟರ್ ಬಂದಿತ್ತು. ಅದರ ಮುಂದೆ ಕೂತು ನಮ್ಮ ಗುಮಾಸ್ತರು ಏನೇನು ಅನಾಹುತ ಹೊಡೆಯುತ್ತಿದ್ದರೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು! ಆದರೂ, ಅದೇ ಅನಾಹುತ ಮುದ್ರಣಗೊಂಡು, ಸಾಲು ಸಾಲಾಗಿ, ಅಂಚು ನೇರವಾಗಿ ಹೊರಬಂದಾಗ ನಾವೆಲ್ಲ ಎದ್ದು ನಿಂತು ಕೈಮುಗಿಯುವುದೊಂದೇ ಬಾಕಿ. ಕೈಬರಹಕ್ಕೆ ಒಂದು ಮುಖವಿರುತ್ತದೆ. ಗಡಿಬಿಡಿಯಲ್ಲಿ ಬರೆದದ್ದು ಗಡಿಬಿಡಿಯಾಗಿಯೇ ಕಾಣುತ್ತದೆ. ಸಂಶಯವಿದ್ದಲ್ಲಿ ಪೆನ್ನು ತಡವರಿಸುತ್ತದೆ, ಹೊಡೆದುಹಾಕಿದ್ದು ಹೊಡೆದುಹಾಕಿದಂತೆಯೇ ಉಳಿಯುತ್ತದೆ. ಕಂಪ್ಯೂಟರಿಗೆ ಎಲ್ಲರ ಮುಖವೂ ಒಂದೇ. ಪ್ರಾಣಸಂಕಟದ ಹೊತ್ತಿನಲ್ಲಿ ನಡೆದದ್ದನ್ನೂ, ದಿನಸಿ ಅಂಗಡಿಯ ಬಿಲ್ಲನ್ನೂ ಅದು ಒಂದೇ ಗಾಂಭೀರ್ಯದಿಂದ ಹೇಳುತ್ತದೆ. ಅದರ ತಪ್ಪೆಂದು ನಾನು ಹೇಳುತ್ತಿಲ್ಲ. ಅದು ಕೇಳಿದ್ದಕ್ಕೆ ನಾವು ಉತ್ತರ ಕೊಟ್ಟಿರುತ್ತೇವೆ, ಅಷ್ಟೆ.

ನಾಸಿಕದಲ್ಲಿ ದ್ರಾಕ್ಷಿಯ ಕಾಲ. ಒಂದು ರಜೆಯ ದಿನ ಮುಂಜಾನೆ ಹೆಂಡತಿ ಪಡಸಾಲೆಯಲ್ಲಿ ಪರಾತವೆಂಬ ಅಗಲ ತಟ್ಟೆಯ ತುಂಬ ದ್ರಾಕ್ಷಿ ಹಾಕಿಕೊಂಡು, ದೇಟಿನಿಂದ ಬಿಡಿಸಿ ಬಿಡಿಸಿ ನೀರಿಗೆ ಹಾಕುತ್ತಿದ್ದಳು. ನಾನು ಎದುರಿಗೆ ಕೂತು, ಅವಳಿಗೆ ಕೇಳದಂತೆ ಎಂದುಕೊಂಡು, ತೊಂಬತ್ತಮೂರು, ಎಂಬತ್ತಾರು ಎಂದು ಗುನುಗುತ್ತಿದ್ದೆ.

"ಏನ್ರಿ ಅದು?" ಎಂದಳು. "ನಾನೂ ದಿನಾ ನೋಡಾಕತ್ತೇನಿ. ದೇವರ ಹೆಸರು ಅಂತ ತಿಳಕೊಂಡಿದ್ದೆ. ಎಂಬತ್ತಾರು ಅಂಬೋ ದೇವರು ಯಾವುದು?"

ಮುಚ್ಚಿಡುವ ಶಕ್ತಿ ನನ್ನಲ್ಲಿ ತೀರಿಹೋಗಿತ್ತು. ಎದ್ದು ಹೋಗಿ ಕಪಾಟಿನಿಂದ ಕಾಗದ ತಂದೆ. ಮುಕ್ಕಾಲು ಗಂಟೆಯ ಸಂಗತಿ, ಡಾಕ್ಟರು ಹೇಳಿದ್ದು, ಅರ್ಜಿ, ಎಲ್ಲವನ್ನೂ ಹೇಳಿದೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಾಗದವನ್ನು ದಿಟ್ಟಿಸಿದಳು. ಇಂಗ್ಲಿಷು ಅವಳಿಗೆ ಬಾರದು.

"ಏನ್ ಬರದಾರ ಓದ್ರಿ. ಕನ್ನಡದಾಗ ಹೇಳ್ರಿ."

ನಾನು ಓದಿ ಕನ್ನಡಕ್ಕೆ ತಿರುಗಿಸಿ ಹೇಳಿದೆ. "ರೋಗಿ ಅಸಂಬದ್ಧವಾಗಿ ಮಾತಾಡುತ್ತಾನೆ."

"ಅಸಂಬದ್ಧ ಅಂದ್ರ?"

"ಅಂದ್ರ ಅರ್ಥ ಇಲ್ಲದ್ದು. ಬಾಯಿಗೆ ಬಂದದ್ದು. ಹುಚ್ಚರಗತೆ."

ಅವಳ ಹುಬ್ಬು ಗಂಟಿಕ್ಕಿತು. "ಅರ್ಥ ಇದ್ದಿದ್ದಿಲ್ಲಂತ ಯಾರ್ ಹೇಳಿದ್ರು? ನನಗ ಎಲ್ಲಾ ಅರ್ಥ ಆಗಿತ್ತಲ್ಲ!"

ನಾನು ಕಾಗದವನ್ನು ಕೆಳಗಿಟ್ಟೆ.

"ನೀ ಎಲ್ಲಿದ್ದಿ?"

"ಎಲ್ಲಿ ಅಂದ್ರ? ಬಾಗಲದಾಗ ಇದ್ದೆ. ನಿಮಗ ನೀರು ತಂದಿದ್ದೆ. ಒಳಗ ಏನೋ ಗದ್ದಲಾ ಆತು, ಆ ಸಿಸ್ಟರ್ ಬಾಗಲಾ ಹಾಕಿದ್ಲು. ನನ್ನ ಕೈಕಾಲು ಸುದ್ದ ನಡಗಲಿಕ್ಕೆ ಪುರಸತ್ತು ಆಗಲಿಲ್ಲ ನೋಡ್ರಿ, ಅಷ್ಟರಾಗ ತೆಗದ್ಲು. ಒಳಗ ಕರದ್ಲು. ನೀವು ಕಣ್ಣು ಅರ್ಧಾ ತೆರದು ಒಂದೇ ಸವನ ಮಾತಾಡಾಕತ್ತಿದ್ರಿ."

"ಏನಂತ?"

"ಬ್ಯಾಂಕಿನ ಕೀಲಿ!" ಎಂದು ಅವಳು ನಗತೊಡಗಿದಳು.

ಇಲ್ಲಿ ಎರಡು ಮಾತು ಹೇಳಬೇಕು. ಬ್ಯಾಂಕಿನ ಭದ್ರಕೋಣೆಗೆ ಎರಡು ಕೀಲಿ. ಒಂದು ಒಬ್ಬ ಅಧಿಕಾರಿಯ ಬಳಿ, ಇನ್ನೊಂದು ಇನ್ನೊಬ್ಬನ ಬಳಿ. ಎರಡೂ ಕೂಡದೆ ಬಾಗಿಲು ತೆರೆಯದು, ಸೋಮವಾರ ವ್ಯವಹಾರ ನಡೆಯದು. ನನ್ನ ಪಾಲಿನ ಕೀಲಿ ಕಪಾಟಿನಲ್ಲಿರುತ್ತಿತ್ತು. ಸುಣ್ಣದವರು ಮನೆಯೆಲ್ಲ ಓಡಾಡುತ್ತಾರೆಂದು ಆ ದಿನ ಯಾರಿಗೂ ಹೇಳದೆ ಹಿಟ್ಟಿನ ಡಬ್ಬಿಗೆ ಸೇರಿಸಿದ್ದೆ. ಮುಂದೆ ಸಹೋದ್ಯೋಗಿ ಕುಲಕರ್ಣಿ ಆಸ್ಪತ್ರೆಗೆ ಬಂದು, ವಹಿನಿ, ಎಂದರೆ ಅತ್ತಿಗೆ, ಕೀಲಿ ಮುಟ್ಟಿಸಿದರು, ಚಿಂತೆ ಬಿಡಿ ಎಂದಿದ್ದ. ಹಿಟ್ಟು ತೆಗೆಯುವಾಗ ಇವಳ ಕೈಗೆ ಸಿಕ್ಕಿರಬೇಕೆಂದು ನಾನು ಅಂದುಕೊಂಡಿದ್ದೆ.

"ಅವತ್ತು ಯಾರು ರೊಟ್ಟಿ ಮಾಡ್ಯಾರ್ರೀ? ಗಂಡ ದವಾಖಾನ್ಯಾಗ ಮಲಗ್ಯಾನ, ನಾ ಹಿಟ್ಟು ಕಲಸಲೇನು? ನೀವ ಹೇಳಿದ್ರಿ. 'ಕೀಲಿ ಜ್ವಾಳದ ಹಿಟ್ಟಿನ ಡಬ್ಬಿ ತಳದಾಗ ಅದ. ಕುಲಕರ್ಣಿ ಕೈಯಾಗ ಕೊಡು. ಬರೇ ಹಂಗ ಕೊಡಬ್ಯಾಡ, ಸಹಿ ತೊಗೊಂಡು ಕೊಡು.' ಮೂರ ಸಲ ಹೇಳಿದ್ರಿ, ಸಹಿ ತೊಗೋ, ಸಹಿ ತೊಗೋ ಅಂತ. ನಾ ಹೂಂ, ಹೂಂ ಅಂದೆ. ಆ ಸಿಸ್ಟರ್ ನನ್ನ ಕಡೆ ನೋಡಿ ಮರಾಠಿಯಾಗ ಏನೋ ಅಂದ್ಲು. ನಾ ಹೋ, ಹೋ ಅಂದೆ. ನಿಮಗೊಂದು ಸೂಜಿ ಚುಚ್ಚಿದ್ರು, ಮಲಗಿದ್ರಿ."

ಆ ಸಿಸ್ಟರ್ ಏನು ಹೇಳಿರಬಹುದೆಂದು ನನಗೆ ಹೊಳೆಯಿತು. ಅಮ್ಮಾ, ಇವರು ಏನೇನೋ ಬಡಬಡಿಸುತ್ತಿದ್ದಾರೆ, ಹೆದರಬೇಡಿ, ಕಡಿಮೆಯಾಗುತ್ತದೆ ಎಂದಿರಬೇಕು. ಅದಕ್ಕೆ ಇವಳು ಸೌಜನ್ಯದ ಮೂರ್ತಿಯಾಗಿ ಹೌದು, ಹೌದು ಎಂದಿದ್ದಾಳೆ! ಕನ್ನಡ ಬಲ್ಲವಳಿಗೆ ಸಿಸ್ಟರ್ ಏನೆಂದಳೆಂದು ತಿಳಿಯಲಿಲ್ಲ. ಸಿಸ್ಟರಿಗೆ, ಈ ಬಡಬಡಿಕೆ ಈ ಹೆಂಗಸಿಗೆ ತಿಳಿಯುತ್ತಿದೆಯೆಂದು ತಿಳಿಯಲಿಲ್ಲ. ಕೆಲವೇ ನಿಮಿಷಗಳ ಹಿಂದೆ ತನ್ನೊಡನೆ ಅಚ್ಚ ಮರಾಠಿಯಲ್ಲಿ ಉಳ್ಳಾಗಡ್ಡಿಯ ಮಾತಾಡಿದ ಮನುಷ್ಯನಿಗೆ ಅದರ ಕೆಳಗೆ ಇನ್ನೊಂದು ಭಾಷೆ ಇದ್ದೀತೆಂದು ಆ ಪುಣ್ಯಾತ್ಮಳಿಗೆ ತೋಚುವುದಾದರೂ ಹೇಗೆ? ಮರಾಠಿಯಲ್ಲಿ ಸತ್ತವನು ಕನ್ನಡದಲ್ಲಿ ಎದ್ದಿದ್ದೆ. ಕಲಿತದ್ದೆಲ್ಲ ಇನ್ನೂ ದಾರಿಯಲ್ಲಿತ್ತು, ಕಲಿಯದೆ ಬಂದದ್ದು ಮಾತ್ರ ಮೊದಲು ಮನೆ ಸೇರಿತ್ತು.

ನಾನೂ ನಗತೊಡಗಿದೆ. ಇಬ್ಬರೂ ನಕ್ಕೆವು, ದ್ರಾಕ್ಷಿಯ ಪರಾತ ಅಲುಗಾಡುವಂತೆ ನಕ್ಕೆವು. ನಗು ಇಳಿದ ಮೇಲೆ ನನಗೆ ಅಳು ಬಂತು, ಅದನ್ನೂ ತಡೆಯಲಿಲ್ಲ.

"ಇಷ್ಟು ದಿನಾ ಯಾಕ ಹೇಳಲಿಲ್ಲ?" ಎಂದೆ.

ಅವಳು ಪರಾತದ ಕಡೆ ಮುಖ ತಿರುಗಿಸಿಕೊಂಡಳು. ಇಲ್ಲದ ದೇಟನ್ನು ಬಿಡಿಸುವವಳಂತೆ ಒಂದು ಹಣ್ಣನ್ನು ತಿರುಗಿಸುತ್ತ, "ಕೀಲಿ ಮಾತು ಹೇಳಿದ್ರ ಅದರ ಹಿಂದಿನ ಮಾತೂ ಹೇಳಬೇಕಾಗ್ತಿತ್ತು" ಎಂದಳು.

"ಹಿಂದಿನ ಮಾತು ಯಾವುದು?"

"ನನ್ನ ಹೆಸರು ಹಿಡದು ಕರದ್ರಿ. ಅಷ್ಟು ಮಂದಿ ಮುಂದ. ಸುಮಿತ್ರಾ, ಸುಮಿತ್ರಾ ಅಂತ ಒದರಿದ್ರಿ. ಆಮ್ಯಾಲೆ ಕೀಲಿ."

ನಮ್ಮ ಕಡೆಯ ನಮ್ಮ ಕಾಲದ ಗಂಡಸರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ. ಕೇಳಿಲ್ಲೇನು, ಏ ಇಕಾ, ಎಲ್ಲಿದ್ದಿ, ಇಷ್ಟರಲ್ಲೇ ಸಂಸಾರ ಸಾಗಿಬಿಡುತ್ತದೆ. ಮದುವೆಯ ದಿನ ಹಿರಿಯರು ಒತ್ತಾಯಿಸಿದಾಗ ಒಗಟಿನೊಳಗೆ ಹೆಣೆದು ಒಮ್ಮೆ ಹೇಳಿದ್ದೇ ಹೇಳಿದ್ದು. ಆಮೇಲೆ ಆ ಹೆಸರು ರೇಷನ್ ಕಾರ್ಡಿನಲ್ಲಿ ತಣ್ಣಗೆ ಕೂತಿತ್ತು. ಹೇಳಿದರೆ ನನಗೆ ನಾಚಿಕೆಯಾದೀತೆಂದು ಅವಳು ಸುಮ್ಮನಿದ್ದಳು. ಹೇಳಿದರೆ ಅವಳಿಗೆ ಹೆದರಿಕೆಯಾದೀತೆಂದು ನಾನು ಸುಮ್ಮನಿದ್ದೆ. ಒಂದೇ ಸೂರಿನ ಕೆಳಗೆ, ಒಬ್ಬರನ್ನೊಬ್ಬರು ಕಾಪಾಡುತ್ತ, ನಾವಿಬ್ಬರೂ ಸುಖವಾಗಿ ಒದ್ದಾಡಿದ್ದೆವು.

"ಬುದ್ಧಿ ಕೆಟ್ಟಾಂವ ಸಹಿ ತೊಗೋ ಅಂತಾನೇನ್ರಿ?" ಎಂದಳು ಅವಳು, ಸ್ವಲ್ಪ ಸಿಟ್ಟಿನಿಂದಲೇ. "ಅದೊಂದರ ಮ್ಯಾಲೇ ನಾ ತಿಳಕೊಂಡೆ, ಇವರಿಗೇನೂ ಆಗಿಲ್ಲ, ಇದ್ದಂಗೇ ಅದಾರಂತ."

ಅರ್ಜಿಯನ್ನು ಅಂದೇ ಹರಿದು ದ್ರಾಕ್ಷಿಯ ದೇಟುಗಳ ಜೊತೆ ಬುಟ್ಟಿಗೆ ಹಾಕಿದೆ. ಆದರೆ ನೋಡಿ, ಬ್ಯಾಂಕಿನ ಬುದ್ಧಿ ಅಷ್ಟು ಸುಲಭಕ್ಕೆ ಬಿಡುವಂಥದಲ್ಲ. ಹೆಂಡತಿಯ ಮಾತಿಗೂ ಒಂದು ತಾಳೆ ಬೇಕೆನ್ನಿಸಿತು. ಮರುದಿನ ಸಂಜೆ ಇಬ್ಬರೂ ಡಾಕ್ಟರ ಬಳಿ ಹೋದೆವು. ಈ ಸಲ ಅವಳು ಬೆಂಚಿನ ಮೇಲೆ ಕೂಡಲಿಲ್ಲ, ನನ್ನ ಜೊತೆಗೇ ಒಳಗೆ ಬಂದಳು. ನಾನು ಕೀಲಿಯ ಕಥೆಯನ್ನೆಲ್ಲ ಮರಾಠಿಯಲ್ಲಿ ಹೇಳಿದೆ, ಹೆಸರಿನ ಸಂಗತಿಯೊಂದನ್ನು ಬಿಟ್ಟು. ಡಾಕ್ಟರು ಮಧ್ಯೆ ನಗಲಿಲ್ಲ. ಕೇಳಿ ಮುಗಿಸಿ, ಎದುರಿಗಿದ್ದ ಫೋನೆತ್ತಿ ಸಂಭಾಜಿನಗರದ ಆಸ್ಪತ್ರೆಗೆ ಹಚ್ಚಿದರು. ಬಹಳ ಹೊತ್ತು ಕಾದ ಮೇಲೆ ಆ ಕಡೆ ಅದೇ ಸಿಸ್ಟರ್ ಸಿಕ್ಕಳು. ಡಾಕ್ಟರು ಕೇಳುತ್ತ ಕೇಳುತ್ತ ಮೊದಲು ಹುಬ್ಬೇರಿಸಿದರು, ಆಮೇಲೆ ತಲೆಯಾಡಿಸಿದರು, ಕಡೆಗೆ ಕುರ್ಚಿಗೆ ಒರಗಿ ಮನಸಾರೆ ನಕ್ಕರು.

ನಡೆದದ್ದು ಇಷ್ಟು. ನನ್ನ ಹೃದಯ ನಿಂತಾಗ ಸಿಸ್ಟರ್ ಪಕ್ಕದಲ್ಲೇ ಇದ್ದಳು. ಒಂದೇ ಒಂದು ಶಾಕ್ ಕೊಟ್ಟಿದ್ದಕ್ಕೆ ಅದು ಮತ್ತೆ ಹೊಡೆದುಕೊಳ್ಳತೊಡಗಿತು. ಆಗ ಯಾರ ಕೈಯೂ ಬರೆಯಲು ಬಿಡುವಾಗಿರಲಿಲ್ಲ. ಕಂಪ್ಯೂಟರ್ ಕೇಳುತ್ತಿದ್ದುದು ಎರಡೇ ಹೊತ್ತು: ಯಾವಾಗ ನಿಂತಿತು, ಯಾವಾಗ ಮರಳಿದರು. ಹೃದಯ ಮರಳಿದ ಹೊತ್ತೋ ಮನುಷ್ಯ ಮರಳಿದ ಹೊತ್ತೋ ಎಂದು ಅದು ಬಿಡಿಸಿ ಕೇಳಿರಲಿಲ್ಲ. ಆ ಸಿಸ್ಟರಿಗೆ ತನ್ನದೇ ಒಂದು ಪದ್ಧತಿ. ರೋಗಿ ತನ್ನ ಹೆಸರನ್ನು ತಾನೇ ಬಾಯಿಬಿಟ್ಟು ಹೇಳುವವರೆಗೆ ಮರಳಿದನೆಂದು ಅವಳು ಬರೆಯುವುದಿಲ್ಲ. ಹಿಂದೊಮ್ಮೆ ಯಾರನ್ನೋ ಮರಳಿದರೆಂದು ಬರೆದು, ಬರೆದ ಕೈ ಎತ್ತುವಷ್ಟರಲ್ಲಿ ಅವರು ಹೊರಟುಹೋದದ್ದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತಂತೆ. ಅವಳು ನನ್ನ ಹೆಸರು ಕೇಳುತ್ತಲೇ ಇದ್ದಳು. ನಾನು ಜೋಳದ ಹಿಟ್ಟು, ಕುಲಕರ್ಣಿ, ಸಹಿ ಎನ್ನುತ್ತಲೇ ಇದ್ದೆ. ಚಡಪಡಿಸುತ್ತೇನೆಂದು ಸೂಜಿ ಚುಚ್ಚಿ ಮಲಗಿಸಿದರು. ನಿದ್ದೆ ತಿಳಿದು ಹೆಸರು ಹೇಳಿದಾಗ ಮುಕ್ಕಾಲು ಗಂಟೆ ಕಳೆದಿತ್ತು.

ಇಷ್ಟು ತಿಂಗಳು ನನ್ನನ್ನು ಸುಟ್ಟ ಆ ಮುಕ್ಕಾಲು ಗಂಟೆ, ಒಬ್ಬ ಹೆಂಗಸು ನಾನು ನಿಜವಾಗಿ ಬದುಕಿದ್ದೇನೆಂದು ನಂಬಲು ಹೆದರಿ ಕಾದ ಹೊತ್ತಾಗಿತ್ತು. ಅದನ್ನು ತಿಳಿದ ಮೇಲೆ ಆ ವರದಿಯ ಮೇಲೆ ಸಿಟ್ಟು ಮಾಡಲು ನನಗೆ ಆಗಲಿಲ್ಲ. ಬದುಕಿಸುವ ಕೈ, ಬರೆಯುವ ಕೈ ಎರಡೂ ಒಂದೇ ಆದಲ್ಲಿ ಅದು ಮೊದಲು ಎದೆಯ ಮೇಲೇ ಹೋಗಲಿ; ಕಾಗದ ಆಮೇಲೆ ಬರಲಿ, ತಪ್ಪಾಗಿಯಾದರೂ ಬರಲಿ. ಆದರೆ ಆ ತಪ್ಪನ್ನು ಮುಂದೆ ಓದುವವನೊಬ್ಬನಿದ್ದಾನೆಂದೂ, ಅವನು ಅದನ್ನೇ ನಿಜವೆಂದು ನಂಬಿ ತನ್ನ ತಲೆಯನ್ನೇ ಸಂಶಯಿಸುತ್ತ ಕೂತಾನೆಂದೂ ಆ ಯಂತ್ರವನ್ನು ರೂಪಿಸುವವರು ನೆನಪಿಟ್ಟರೆ ಒಳ್ಳೆಯದು. ಎರಡು ಹೊತ್ತಿನ ಜಾಗದಲ್ಲಿ ಮೂರು ಕೇಳಿದ್ದರೆ ಸಾಕಿತ್ತು. ಷರಾಕ್ಕೆ ಇನ್ನೊಂದು ಸಾಲು ಕೊಟ್ಟಿದ್ದರೆ, ಯಾವ ಭಾಷೆಯೋ ತಿಳಿಯಲಿಲ್ಲ ಎಂದಾದರೂ ಯಾರೋ ಬರೆಯುತ್ತಿದ್ದರೇನೋ. ಡಾಕ್ಟರೂ ಅದನ್ನೇ ಅಂದರು, ಅವರ ಮಾತಿನಲ್ಲಿ.

ಆಮೇಲೆ ಅವರು ನನ್ನ ಕಾಗದವನ್ನು ಮೇಜಿನ ಮೇಲೆ ಹರಡಿ, ಜೇಬಿನಿಂದ ಪೆನ್ನು ತೆಗೆದರು. ಚುಕ್ಕಿ ಚುಕ್ಕಿಯ ಆ ಮರ್ಯಾದಸ್ಥ ಅಕ್ಷರಗಳ ನಡುವೆ, ಅಸಂಬದ್ಧ ಎಂಬ ಪದದ ಮೇಲೆ ಒಂದು ಗೆರೆ ಎಳೆದರು. ಮಗ್ಗುಲಲ್ಲಿ ತಮ್ಮ ವಕ್ರವಕ್ರ ಕೈಬರಹದಲ್ಲಿ, ರೋಗಿ ಕನ್ನಡದಲ್ಲಿ ಮಾತಾಡುತ್ತಿದ್ದರು, ಪತ್ನಿ ಹಾಜರಿದ್ದರು ಎಂದು ಬರೆದರು. ಬರೆದು, ಪೆನ್ನನ್ನು ಹಾಗೇ ಹಿಡಿದುಕೊಂಡು, ಸಾಕ್ಷಿಯನ್ನು ವಿಚಾರಿಸುವವರಂತೆ ಅವಳ ಕಡೆ ತಿರುಗಿ, ಅವಳಿಗೆ ತಿಳಿಯುವಂತೆ ಬಿಡಿಬಿಡಿಯಾಗಿ ಮರಾಠಿಯಲ್ಲಿ ಕೇಳಿದರು: ವಹಿನೀ, ಆ ದಿನ ಇವರು ಹೇಳಿದ್ದು ನಿಮಗೆ ತಿಳಿಯಿತೇ?

ಅವಳು ಎಂದಿನಂತೆ ಹೋ, ಹೋ ಎನ್ನುತ್ತಾಳೆಂದು ನಾನು ಕಾದೆ. ಅವಳು ಒಮ್ಮೆ ನನ್ನ ಮುಖ ನೋಡಿದಳು. ಕಿವಿಯವರೆಗೆ ಕೆಂಪಾದಳು.

"ಸಗಳಂ," ಎಂದಳು. ಎಲ್ಲಾ.

ಡಾಕ್ಟರು ಅದನ್ನೂ ಬರೆದುಕೊಂಡರು.